ಕಮತಗಿ ತಿರುವಿನ ಎರಡನೇ ಬಿಲ್ಲೆ

ಸತ್ಯವ್ವ ಹಾಕಿದ ಗಂಟನ್ನು ಹಲ್ಲಿನಿಂದಲೂ ಬಿಚ್ಚಲಾಗದು ಎಂದು ಕಮತಗಿಯ ಜನ ಹೇಳುತ್ತಿದ್ದರು. ಹಲ್ಲು ಹಚ್ಚಿ ನೋಡಿದವರೂ ಇದ್ದರು.

ಆ ಗಂಟು ಅವಳ ತವರಿನದು. ಇಳಕಲ್ಲಿನಲ್ಲಿ ಅವಳ ಅವ್ವ ಸೋಮವ್ವ ಬೇರೆಯವರ ಮಗ್ಗದ ಮನೆಯಲ್ಲಿ ಕೂಲಿಗೆ ನೂಲು ಸುತ್ತುತ್ತಿದ್ದಳು. ಆರು ವರ್ಷದವಳಿದ್ದಾಗಿನಿಂದ ಮಗಳು ಪಕ್ಕದಲ್ಲಿ ಕೂತು ಕಡಿದ ಎಳೆಗಳನ್ನು ಕೂಡಿಸಿಕೊಡುತ್ತಿದ್ದಳು. ರೇಷ್ಮೆಯ ಎಳೆ ಕೂಡಿಸಿದ ಗಂಟು ಕಣ್ಣಿಗೆ ಕಾಣಬಾರದು, ಕೈಗೆ ತಾಗಬಾರದು, ಸೀರೆ ಹರಿದರೂ ಬಿಚ್ಚಬಾರದು. ಸೀರೆ ಯಾರು ನೇಯ್ದರು ಎಂದು ಕೇಳಿದರೆ ಮಗ್ಗದ ಮೇಲೆ ಕೂತ ಗಂಡಸಿನ ಹೆಸರು ಬರುತ್ತಿತ್ತು. ಗಂಟು ಯಾರದು ಎಂದು ಕೇಳಿದವರನ್ನು ಸತ್ಯವ್ವ ಕಂಡಿರಲಿಲ್ಲ.

1971ರಲ್ಲಿ ಅವಳು ಕಮತಗಿಯ ಕನಕಪ್ಪನ ಹೆಂಡತಿಯಾಗಿ ಬಂದಳು. ಬಸ್‌ ನಿಲ್ಲುವ ಜಾಗದ ಎದುರಿಗೆ ಕನಕಪ್ಪನ ಸೈಕಲ್ ಅಂಗಡಿ. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಹನ್ನೊಂದು ಸೈಕಲ್ಲು, ಒಂದು ಗಾಳಿ ಪಂಪು, ಒಂದು ಬೆಂಚು. ಅವನ ತಮ್ಮ ಮಾಳಪ್ಪ ಕುರಿ ಹಿಂಡಿನ ಬೆನ್ನು ಹತ್ತಿ ವರ್ಷದ ಎಂಟು ತಿಂಗಳು ಊರೂರು ತಿರುಗುವವನು. ನಾಲ್ಕು ವರ್ಷದ ಮೇಲೆ ಮಾಳಪ್ಪನಿಗೂ ಮದುವೆಯಾಯಿತು. ಸತ್ಯವ್ವನಿಗೆ ಮಾಯವ್ವ ಎಂಬ ನೆಗೆಣ್ಣಿ ಸಿಕ್ಕಳು.

ಮಾಯವ್ವನ ಕೈ ಭಾಳ ಚುರುಕು. ಅಂಗಡಿಯಲ್ಲಿ ಗಿರಾಕಿ ಹೆಚ್ಚಾದ ದಿನ ಕನಕಪ್ಪ ತೂತು ಬಿದ್ದ ಟ್ಯೂಬುಗಳನ್ನು ತಂದು ಮನೆಯ ಕಟ್ಟೆಯ ಮೇಲೆ ಒಗೆದು ಹೋಗುತ್ತಿದ್ದ. ಅವಳು ಸಾರಿಗೆ ಒಗ್ಗರಣೆ ಕೊಟ್ಟು ಬಂದು, ಬೋಗುಣಿಯ ನೀರಿನಲ್ಲಿ ಟ್ಯೂಬು ಅದ್ದಿ ಗುಳ್ಳೆ ಹುಡುಕಿ, ತೇಪೆ ಹಚ್ಚಿ, ಮತ್ತೆ ಒಲೆಯ ಮುಂದೆ ಕೂರುತ್ತಿದ್ದಳು. ‘ಕನಕಪ್ಪನ ತೇಪಿ ಅಂದ್ರ ಆರು ತಿಂಗಳು ಚಿಂತಿ ಇಲ್ಲ’ ಎಂದು ಗಿರಾಕಿಗಳು ಹೇಳುತ್ತಿದ್ದರು. ಕನಕಪ್ಪ ಮೀಸೆಯಲ್ಲೇ ನಗುತ್ತಿದ್ದ.

ಹುನಗುಂದದ ಯುವಕ ಸಂಘದವರು ಪ್ರತಿ ಜನವರಿ ಇಪ್ಪತ್ತಾರಕ್ಕೆ ಸೈಕಲ್ ಶರ್ಯತ್ತು ಇಡುತ್ತಿದ್ದರು. ಝೇಂಡಾ ಏರಿದ ಮೇಲೆ ಹುನಗುಂದ ಬಿಟ್ಟವರು ಅಮೀನಗಡ ದಾಟಿ ಕಮತಗಿಗೆ ಬಂದು, ರಸ್ತೆಯ ನಡುವೆ ಇಟ್ಟ ಡಾಂಬರಿನ ಡ್ರಮ್ಮು ಸುತ್ತಿ ತಿರುಗಿ ಹೋಗಬೇಕು. ಯಾರು ಕಮತಗಿಯ ತನಕ ಬಂದರು, ಯಾರು ಅರ್ಧದಿಂದಲೇ ತಿರುಗಿದರು ಎಂಬುದು ಹುನಗುಂದದಲ್ಲಿ ಕೂತವರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೆ ಡ್ರಮ್ಮಿನ ಹತ್ತಿರ ನಿಂತ ಸ್ವಯಂಸೇವಕರು ಪ್ರತಿ ಸೈಕಲ್ಲಿನ ಹ್ಯಾಂಡಲಿಗೆ ಕೆಂಪು ದಾರ ಕಟ್ಟಿ ಬಿಡುವುದು ರೂಢಿ. ಆದರೆ 1977ರಲ್ಲಿ ಸಂಘದ ಹುಡುಗರು ಕಟ್ಟಿದ ದಾರಗಳಲ್ಲಿ ಏಳು ದಾರಿಯಲ್ಲೇ ಉದುರಿ, ಹುನಗುಂದದ ಮೈದಾನದಲ್ಲಿ ಹೊಡೆದಾಟವಾಗಿ, ಒಬ್ಬನ ಅಂಗಿ ಎರಡಾಯಿತು.

ವೇಳೆ ನೋಡುವುದು, ವಹಿಯಲ್ಲಿ ಬರೆಯುವುದು ಎರಡೂ ಮೀರಾಸಾಬನ ಕೆಲಸವಾಗಿತ್ತು. ಅವನು ಸಾಲೆಯ ಡ್ರಿಲ್ ಮಾಸ್ತರಿಕೆ ಮುಗಿಸಿ ಮನೆಯಲ್ಲಿದ್ದವನು. ಮರುವರ್ಷ ಶರ್ಯತ್ತಿಗೆ ಮೊದಲು ಕನಕಪ್ಪನ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತ.

“ಗಂಟ ಹಾಕಾಕ ಬರೋ ಒಂದು ಮನಿಷ್ಯಾನ್ನ ಕೊಡೋ ಕನಕಪ್ಪಾ. ನಮ್ಮ ಹುಡುಗೂರಿಗೆ ಚಡ್ಡಿ ಲಾಡಿ ಸುದ್ದಾ ಕಟ್ಟಾಕ ಬರಂಗಿಲ್ಲ.”

“ಗಂಟಂದ್ರ ನಮ್ಮ ಮನಿಯಾಕಿರಿ ಮಾಸ್ತರ. ಲಗ್ನದಾಗ ನನಗ ಹಾಕಿದ್ದು ಇನ್ನೂ ಬಿಚ್ಚಿಲ್ಲ.”

ಕನಕಪ್ಪ ಚೇಷ್ಟೆಗೆ ಹೇಳಿದ್ದು. ಮಾಸ್ತರ ಚೇಷ್ಟೆಗೆ ತೆಗೆದುಕೊಳ್ಳಲಿಲ್ಲ. ಹೀಗೆ 1978ರಲ್ಲಿ ಸತ್ಯವ್ವ ಎದೆಯ ಮೇಲೆ ‘ಸ್ವಯಂಸೇವಕರು’ ಎಂದು ಬರೆದ ತಗಡಿನ ಬಿಲ್ಲೆ ಚುಚ್ಚಿಕೊಂಡು ರಸ್ತೆಯ ನಡುವೆ ನಿಂತಳು. ತವರಿನಿಂದ ತರಿಸಿದ ಕೆಂಪು ರೇಷ್ಮೆಯ ತುಂಡು ಎಳೆಗಳು ಅವಳ ಸೊಂಟದಲ್ಲಿದ್ದವು. ಸವಾರ ಒಂದು ಕಾಲು ನೆಲಕ್ಕೆ ಊರಿ ಎತ್ತುವಷ್ಟರಲ್ಲಿ ಗಂಟು ಬಿದ್ದಿರುತ್ತಿತ್ತು. ಆ ವರ್ಷ ಒಂದು ದಾರವೂ ಉದುರಲಿಲ್ಲ. ಶರ್ಯತ್ತಿನ ಕರಪತ್ರದಲ್ಲಿ ಇಪ್ಪತ್ಮೂರು ಗಂಡಸರ ಹೆಸರಿನ ಕೆಳಗೆ ಅವಳ ಹೆಸರು ಬಂತು. ನಾಲ್ಕನೇ ಇಯತ್ತೆ ಕಲಿತಿದ್ದ ಸತ್ಯವ್ವ ಅದನ್ನು ಎಷ್ಟು ಸಲ ಓದಿಕೊಂಡಳೋ.

ಅದೇ ಕರಪತ್ರದ ತುದಿಯಲ್ಲಿ ‘ಊಟದ ಸೇವೆ: ಶ್ರೀ ಕನಕಪ್ಪ, ಕಮತಗಿ’ ಎಂದೂ ಇತ್ತು. ಆ ಸೇವೆ ಎಂದರೆ ಎರಡು ನೂರು ಜೋಳದ ರೊಟ್ಟಿ. ಕೋಳಿ ಕೂಗುವ ಮೊದಲೇ ಎದ್ದು ಒಲೆಯ ಮೇಲೆ ಹಂಚು ಇಟ್ಟು, ಶರ್ಯತ್ತು ಮುಗಿಯುವ ಹೊತ್ತಿಗೆ ಬುಟ್ಟಿ ತುಂಬಿಸಿ ಹುನಗುಂದದ ಬಸ್ಸಿಗೆ ಹಾಕಿ ಕಳಿಸಬೇಕು. ಮೊದಲಾದರೆ ನೆಗೆಣ್ಣಿಯರಿಬ್ಬರೂ ಕೂಡಿ ಬಡಿಯುತ್ತಿದ್ದರು. ಸತ್ಯವ್ವ ಬಿಲ್ಲೆ ಹಾಕಿಕೊಂಡ ವರ್ಷದಿಂದ ಆ ಎರಡು ನೂರೂ ಮಾಯವ್ವನ ಪಾಲಿಗೆ ಬಂದವು.

“ಅಕ್ಕಾ, ಬರೋ ವರ್ಷ ನಾನೂ ನಿಂದರತೇನಿ,” ಎಂದು ಮಾಯವ್ವ ಆ ಸಂಜೆಯೇ ಹೇಳಿದ್ದಳು. “ನಾ ತೇಪಿ ಹಚ್ಚಿದ ಗಾಲಿ ಹೆಂಗ ಓಡತಾವ ಒಮ್ಮೆರ ನೋಡಬೇಕು.”

“ನಿಂದರೀಯಂತ ಏಳು. ಬರೋ ವರ್ಷ.”

ಬರೋ ವರ್ಷ ನಾಲ್ಕು ಸಲ ಬಂದು ಹೋಯಿತು. ಶರ್ಯತ್ತಿನ ದಿನ ಸಂಜೆ ಮಾಯವ್ವ ಅಂಗೈಗೆ ಎಣ್ಣೆ ತಿಕ್ಕಿಕೊಳ್ಳುತ್ತ, ಯಾರು ಮುಂದಿದ್ದರು, ಯಾವ ಸೈಕಲ್ಲಿನ ಚೈನು ಕಳಚಿತು, ಬಾಗಲಕೋಟೆಯವರು ಹೆಂಗೆ ಬಗ್ಗಿ ತುಳಿಯುತ್ತಾರೆ ಎಂದು ಕೇಳುವಳು. ಸತ್ಯವ್ವ ಹೇಳುವಳು. ಹೇಳುವಾಗ ಅವಳ ದನಿ ಸ್ವಲ್ಪ ದೊಡ್ಡದಾಗುತ್ತಿತ್ತು.

1983ರ ಜನವರಿಯಲ್ಲಿ ಶರ್ಯತ್ತಿಗೆ ಎರಡು ದಿನ ಇದೆ ಎನ್ನುವಾಗ ಬಸ್ ಕಂಡಕ್ಟರ ಮೀರಾಸಾಬನ ಪಾಕೀಟು ತಂದುಕೊಟ್ಟ. ಒಳಗೆ ಎರಡು ಬಿಲ್ಲೆ, ಒಂದು ಚೀಟಿ, ಸಹಿ ಹಾಕಬೇಕಾದ ಒಂದು ಹಾಳೆ. ಚೀಟಿಯಲ್ಲಿ ಮಾಸ್ತರ ಬರೆದಿದ್ದ: ಈ ಸಲ ಬಾದಾಮಿ, ಬಾಗಲಕೋಟೆ ಕಡೆಯಿಂದ ನಲವತ್ತರ ಮೇಲೆ ಜನ ಬರುತ್ತಾರೆ, ಒಬ್ಬರ ಕೈ ಸಾಲದು, ನಿನ್ನ ನೆಗೆಣ್ಣಿಯನ್ನೂ ನಿಲ್ಲಿಸು. ಹಾಳೆಯಲ್ಲಿ ಇಬ್ಬರ ಹೆಸರೂ ಇದ್ದವು. ಕಮತಗಿ ತಿರುವಿಗೆ ನಾವಿಬ್ಬರು ಸಾಕ್ಷಿ ಎಂಬ ಒಂದು ಸಾಲು. ಅದೇ ಬಸ್ಸು ಬಾಗಲಕೋಟೆಯಿಂದ ತಿರುಗಿ ಬರುವಾಗ ಹಾಳೆ ವಾಪಸು ಕೊಡಬೇಕು.

ಮಾಯವ್ವ ಹೊಳೆಗೆ ಅರಿವೆ ಒಗೆಯಲು ಹೋಗಿದ್ದಳು. ಮನೆಯಲ್ಲಿ ಸತ್ಯವ್ವ ಒಬ್ಬಳೇ. ಅವಳು ತನ್ನ ಹೆಸರಿನ ಮುಂದೆ ಸಹಿ ಹಾಕಿದಳು. ಮಾಯವ್ವನ ಹೆಸರಿನ ಮುಂದೆ ಖಾಲಿ ಜಾಗವಿತ್ತು. ಮಾಯವ್ವನಿಗೆ ಓದು ಬರಹ ಬಾರದು, ಹೆಬ್ಬೆಟ್ಟು ಸಾಕು. ಇವಳೂ ರಸ್ತೆಗೆ ಬಂದರೆ ಎರಡು ನೂರು ರೊಟ್ಟಿ ಯಾರು ಬಡಿಯಬೇಕು? ಗಂಡನಿಗೆ ಏನು ಹೇಳಬೇಕು? ಎರಡು ದಿನದಲ್ಲಿ ಇನ್ನೊಂದು ಮನೆಯನ್ನು ಎಲ್ಲಿ ಹುಡುಕಬೇಕು? ಈ ಪ್ರಶ್ನೆಗಳೆಲ್ಲ ಖರೆ ಪ್ರಶ್ನೆಗಳೇ. ಅವುಗಳ ಕೆಳಗೆ ಇನ್ನೊಂದಿತ್ತು. ಐದು ವರ್ಷದಿಂದ ಆ ರಸ್ತೆಯ ಮೇಲೆ ಬಿಲ್ಲೆ ಹಾಕಿಕೊಂಡು ನಿಂತ ಹೆಂಗಸು ಅವಳೊಬ್ಬಳೇ. ಇಬ್ಬರಾದರೆ ಆ ‘ಒಬ್ಬಳೇ’ ಹೋಗುತ್ತದೆ. ಇದನ್ನು ಅವಳು ಅಂದು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಒಲೆಯ ಪಕ್ಕ ಒರಗಿಸಿಟ್ಟಿದ್ದ ರೊಟ್ಟಿ ಹಂಚನ್ನು ಹೊರಳಿಸಿ, ಅದರ ತಳದ ಮಸಿಗೆ ತನ್ನ ಎಡಗೈ ಹೆಬ್ಬೆಟ್ಟು ಒತ್ತಿ, ಮಾಯವ್ವನ ಹೆಸರಿನ ಮುಂದೆ ಊರಿದಳು. ಎರಡನೇ ಬಿಲ್ಲೆಯನ್ನು ಟ್ರಂಕಿನ ತಳಕ್ಕೆ, ಧಾರೆ ಸೀರೆಯ ಕೆಳಗೆ ಸೇರಿಸಿದಳು. ಮಾಯವ್ವ ಒದ್ದೆ ಅರಿವೆಯ ಬುಟ್ಟಿ ಹೊತ್ತು ಬಂದಾಗ ಸತ್ಯವ್ವ ಹುಣಸೆಹಣ್ಣು ಹಚ್ಚಿ ಕೈ ತೊಳೆಯುತ್ತಿದ್ದಳು.

ಶರ್ಯತ್ತಿನ ದಿನ ಮೊದಲ ನಾಲ್ವರು ಬಿಡಿಬಿಡಿಯಾಗಿ ಬಂದರು. ಆಮೇಲೆ ಒಂಬತ್ತು ಸೈಕಲ್ಲು ಒಟ್ಟಿಗೆ ಬಂದವು. ಒಂದರ ಹ್ಯಾಂಡಲು ಇನ್ನೊಂದಕ್ಕೆ ತಾಗಿ, “ಲೇ ಸರಿಯಲೇ,” “ಮೊದಲ ನನಗ ಕಟ್ಟಬೇ ಯವ್ವಾ,” ಎಂದು ಒದರಾಟ. ಸತ್ಯವ್ವನ ಬೆರಳು ಓಡುತ್ತಿದ್ದವು. ಆದರೆ ಬೆರಳು ಹತ್ತೇ. ಗುಂಪಿನ ಹೊರಗಡೆ ಎತ್ತರದ ಒಬ್ಬ ಹುಡುಗ ಒಂದು ಕಾಲೂರಿ ಕಾಯುತ್ತಿದ್ದ. ಕ್ಯಾರಿಯರು ಬಿಚ್ಚಿದ ಹಳೇ ಭಾರದ ಸೈಕಲ್ಲು. ಬಾದಾಮಿಯಲ್ಲಿ ಟಾಂಗಾ ಹೊಡೆಯುವ ನಜೀರಸಾಬನ ಮಗ, ಜಲಾಲುದ್ದೀನ. ಉಳಿದವರು ಒಬ್ಬೊಬ್ಬರಾಗಿ ಹಾರಿ ಹೋಗುತ್ತಿದ್ದರು. ಅವನು ಹ್ಯಾಂಡಲು ಮುಂದೆ ಚಾಚಿಕೊಂಡು ನಿಂತೇ ಇದ್ದ. ಅವನ ಮುಖ ನೋಡಿ ಸತ್ಯವ್ವನಿಗೆ ತಡೆಯಲಾಗಲಿಲ್ಲ.

“ಹೋಗಪಾ ಹೋಗ! ನಾ ನೋಡೇನಿ, ನಾ ಹೇಳತೇನಿ!”

ಅವನು ಹೋದ.

ಹುನಗುಂದದ ಮೈದಾನಕ್ಕೆ ಸತ್ಯವ್ವ ಸಂಘದ ಜೀಪಿನಲ್ಲಿ ಬಂದು ಮುಟ್ಟಿದಾಗ ಗದ್ದಲ ಎದ್ದಿತ್ತು. ಜಲಾಲುದ್ದೀನ ತನಗಿಂತ ಮುಂದಿದ್ದವರನ್ನು ಹಿಂದೆ ಹಾಕಿ ಮೂರನೆಯವನಾಗಿ ಬಂದಿದ್ದ. ಮೊದಲ ಮೂವರು ಬಿಜಾಪುರಕ್ಕೆ, ಜಿಲ್ಲಾ ಶರ್ಯತ್ತಿಗೆ ಹೋಗುವವರು. ಅವನ ಹ್ಯಾಂಡಲಿನಲ್ಲಿ ದಾರ ಇರಲಿಲ್ಲ. ನಾಲ್ಕನೆಯವನ ಕಡೆಯವರು ಗಂಟಲು ಹರಕೊಳ್ಳುತ್ತಿದ್ದರು. ಸಂಘದ ಅಧ್ಯಕ್ಷರು ಮೈಕಿನ ಮುಂದೆ ಸಹಿ ಹಾಳೆ ಹಿಡಿದು ನಿಂತಿದ್ದರು.

“ಸುಮ್ಮಕಿರ್ರಿ! ಕಮತಗಿ ತಿರುವಿನ್ಯಾಗ ಇಬ್ಬರು ಹೆಣ್ಮಕ್ಕಳನ್ನ ನಿಂದರಿಸೇವಿ. ಸ್ವಯಂಸೇವಕರ ಮಾತ ನಮ್ಮ ಮಾತು. ಅವರಿಗೇನು ಆಚಿ ಇಲ್ಲ ಈಚಿ ಇಲ್ಲ, ಬಿಸಿಲಾಗ ನಿಂತು ಸೇವಾ ಮಾಡತಾರ. ಹೇಳವಾ ಸತ್ಯವ್ವ. ಇಬ್ಬರಿದ್ರಿ, ನಾಕ ಕಣ್ಣು, ನಾಕ ಕೈ. ದಾರ ಇಲ್ಲದಂಗ ಯಾರರ ಹೋಗ್ಯಾರೇನು?”

ಹೋಗಿದ್ದಾನೆ ಎಂದರೆ ಮುಂದಿನ ಪ್ರಶ್ನೆ ಅವಳಿಗೆ ಗೊತ್ತಿತ್ತು. ಇನ್ನೊಬ್ಬಾಕಿ ಏನ ಮಾಡತಿದ್ದಳು? ಎಲ್ಲಿ ಆಕಿ? ಕರೀರಿ.

“ಇಲ್ರಿ,” ಎಂದಳು ಸತ್ಯವ್ವ.

ಜಲಾಲುದ್ದೀನ ಅವಳತ್ತ ತಿರುಗಿದ. ಸಿಟ್ಟಿಗಿಂತ ಗಾಬರಿ ಹೆಚ್ಚಿದ್ದ ಮುಖ. “ಅಕ್ಕಾರ, ನೀವ ಹೋಗ ಅಂದ್ರಲ್ರಿ?”

ಅವನಿಗೆ ಮೈಕು ಇರಲಿಲ್ಲ. “ಅಮೀನಗಡದಾಗ ಚಾ ಕುಡದು ತಿರುಗ್ಯಾನ ಮಗ!” ಎಂದು ಯಾರೋ ಕೂಗಿದರು. ಮೈದಾನ ನಕ್ಕಿತು. ಊಟಕ್ಕೆ ಕೂತಾಗ ಸತ್ಯವ್ವನ ತಾಟಿಗೂ ರೊಟ್ಟಿ ಬಂತು. ಬಡಿದವಳ ಬೆರಳ ಗುರುತು ಹಿಡಿಯಬಲ್ಲಷ್ಟು ಪರಿಚಯದ ರೊಟ್ಟಿ. ಅವಳು ಮುರಿದಳು, ಬಾಯಿಗೆ ಇಡಲಾಗಲಿಲ್ಲ.

ನಾಲ್ಕನೇ ದಿನ ಮಧ್ಯಾಹ್ನ ಮೀರಾಸಾಬ ಮಾಸ್ತರ ವಹಿ ಹಿಡಿದು ಮನೆಗೆ ಬಂದ. ಕನಕಪ್ಪ ಅಂಗಡಿಯಲ್ಲಿದ್ದ. ಮಾಯವ್ವ ಕಟ್ಟೆಯ ಮೇಲೆ ಟ್ಯೂಬು ಅದ್ದುತ್ತಿದ್ದಳು.

“ಆ ಹುಡುಗನ ಅಪ್ಪ ಟಾಂಗಾ ಬಿಟ್ಟು ಬಾದಾಮಿಯಿಂದ ಬಂದಿದ್ದ,” ಎಂದ ಮಾಸ್ತರ. “ಜಗಳ ಮಾಡಲಿಲ್ಲ, ಏನಿಲ್ಲ. ‘ಒಬ್ಬಾಕಿನ್ನ ಕೇಳೀರಿ, ಇನ್ನೊಬ್ಬಾಕಿನ್ನೂ ಕೇಳಿಬಿಡ್ರಿ ಸಾಹೇಬ್ರ, ನನ್ನ ಮಗಾ ಸುಳ್ಳ ಹೇಳಾಂವ ಅಲ್ಲ’ ಅಂದ. ಅಷ್ಟ. ಹೇಳು ಮಾಯವ್ವ, ಎತ್ತರ ಹುಡುಗ, ಕ್ಯಾರಿಯರ ಇಲ್ಲದ ಸೈಕಲ್ಲು. ಡ್ರಮ್ಮ ಸುತ್ತಿದ್ದು ನೋಡಿದೇನು?”

ಮಾಯವ್ವ ನೀರಿನಿಂದ ಕೈ ತೆಗೆದಳು. ಮಾಸ್ತರನನ್ನು ನೋಡಿದಳು. ವಹಿಯೊಳಗಿಂದ ಅವನು ತೆಗೆದ ಹಾಳೆಯನ್ನು, ಅದರ ಮೇಲೆ ಅವನು ಬೆರಳಿಟ್ಟು ತೋರಿಸಿದ ಕಪ್ಪು ಗುರುತನ್ನು ನೋಡಿದಳು.

“ಇದು ನಂದೇನ್ರಿ?”

“ನಿನ್ನ ಹೆಸರಿನ ಮುಂದ ಐತೆಲ್ಲ.”

ಅವಳು ಬಾಗಿಲಲ್ಲಿ ನಿಂತ ಸತ್ಯವ್ವನ ಕಡೆ ತಿರುಗಿದಳು. ದನಿ ಏರಿಸಲಿಲ್ಲ. “ಅಕ್ಕಾ, ನೀನ ಹೇಳು. ಅವತ್ತ ನಾ ಎಲ್ಲಿದ್ದೆ?”

ಸತ್ಯವ್ವ ಬಾಗಿಲ ಚೌಕಟ್ಟು ಹಿಡಿದುಕೊಂಡಳು. “ಮನ್ಯಾಗಿದ್ದಳ್ರಿ ಮಾಸ್ತರ. ರೊಟ್ಟಿ ಬಡಿಯಾಕತ್ತಿದ್ದಳು. ಅಲ್ಲಿ ನಾ ಒಬ್ಬಾಕಿನ ಇದ್ದೆ.”

“ಮತ್ತ ಹೆಬ್ಬೆಟ್ಟು?”

“ನಂದ್ರಿ.”

“ಹುಡುಗಾ?”

“ಡ್ರಮ್ಮ ಸುತ್ತಿದ್ದ. ನಾನ ಹೋಗ ಅಂದೆ.”

ಮಾಸ್ತರ ಹಾಳೆಯನ್ನು ಮಡಚಿ ವಹಿಯೊಳಗೆ ಇಟ್ಟ. ಐದು ವರ್ಷ ಅವಳ ಗಂಟಿನ ಮೇಲೆ ವಿಶ್ವಾಸವಿಟ್ಟು ವಹಿ ತುಂಬಿಸಿದ ಮನುಷ್ಯ. “ಪಗಾರ ಕೊಡಂಗಿಲ್ಲ, ಬಕ್ಷೀಸ ಕೊಡಂಗಿಲ್ಲ. ಸ್ವಯಂಸೇವಕರಂದ್ರ ಅವರ ಮಾತೊಂದ ತಂಗಿ ನಮ್ಮ ಆಸ್ತಿ,” ಎಂದ. ಆಮೇಲೆ ಕನ್ನಡಕ ಏರಿಸಿ ವಹಿಯಲ್ಲಿ ಬರೆದ: ತಿರುವು ಹಾಕಿದ್ದು ಖರೆ, ದಾರ ಕಟ್ಟಲು ಕೈ ಸಾಲಲಿಲ್ಲ. “ಬಿಜಾಪುರಕ್ಕ ಹೆಸರಿನ ಯಾದಿ ನಿನ್ನೆನ ಹೋತು. ನಾ ಪತ್ರ ಹಾಕತೇನಿ, ಆದರ ಕೆಲಸ ಆಗಂಗಿಲ್ಲ. ಈ ಹೆಬ್ಬೆಟ್ಟಿನ ಮಾತು ಮಾತ್ರ ನಾ ಬರಿಯಂಗಿಲ್ಲ. ಅದು ನಿಮ್ಮ ಮನಿ ಮಾತು.”

ಸತ್ಯವ್ವನಿಗೆ ಉಸಿರು ಬಂದಂತಾಯಿತು. ಆ ಉಸಿರಿಗೂ ಅವಳು ಆಮೇಲೆ ನಾಚಿಕೊಂಡಳು.

ಮಾಸ್ತರ ಹೋದ ಮೇಲೆ ಮಾಯವ್ವ, “ಎಲ್ಲಿಟ್ಟೀ ಅದನ್ನ?” ಎಂದಳು. ಸತ್ಯವ್ವ ಟ್ರಂಕಿನಿಂದ ಬಿಲ್ಲೆ ತೆಗೆದುಕೊಟ್ಟಳು. ಮಾಯವ್ವ ಅಕ್ಷರಗಳ ಮೇಲೆ ಬೆರಳಾಡಿಸಿದಳು.

“ಇದರಾಗ ನನ್ನ ಹೆಸರೈತೇನು?”

“ಇಲ್ಲ. ಸ್ವಯಂಸೇವಕರು ಅಂತ ಐತಿ.”

“ಹಂಗಾರ ಯಾರದರ ಆಗಬಹುದು ಬಿಡು,” ಎಂದು ತಿರುಗಿ ಕೊಟ್ಟು, ಬೋಗುಣಿಯ ನೀರು ಚೆಲ್ಲಿ ಬರಲು ಹೋದಳು. ಬೈದಿದ್ದರೆ ಸತ್ಯವ್ವನಿಗೆ ಹಗುರಾಗುತ್ತಿತ್ತು. ಮಾಯವ್ವ ಬೈಯಲಿಲ್ಲ. ಶರ್ಯತ್ತಿನ ಸುದ್ದಿ ಕೇಳುವುದನ್ನು ಮಾತ್ರ ಬಿಟ್ಟಳು.

ಬಿಜಾಪುರಕ್ಕೆ ನಾಲ್ಕನೆಯವನೇ ಹೋದ. ಮರುವರ್ಷ ಕಮತಗಿ ತಿರುವಿಗೆ ಸಂಘದವರು ನಾಲ್ಕು ಮಂದಿ ಗಂಡಸರನ್ನು ಹಾಕಿದರು. ಇಬ್ಬರು ನಿಂತರೂ ಹೆಣ್ಣುಮಕ್ಕಳ ಕೈ ಸಾಲುವುದಿಲ್ಲ ಎಂದು ಮೀಟಿಂಗಿನಲ್ಲಿ ತೀರ್ಮಾನವಾಗಿತ್ತಂತೆ. ತಾನೊಬ್ಬಳು ಒತ್ತಿದ ಹೆಬ್ಬೆಟ್ಟಿನಿಂದ ಇನ್ನು ಯಾವ ಹೆಂಗಸೂ ಆ ಡ್ರಮ್ಮಿನ ಹತ್ತಿರ ನಿಲ್ಲುವ ಹಾಗಿಲ್ಲ ಎಂಬುದು ಸತ್ಯವ್ವನಿಗೆ ಆಗ ತಿಳಿಯಿತು. ರೊಟ್ಟಿ ಮಾತ್ರ ಎಂದಿನಂತೆ ಬೇಕಾಗಿತ್ತು. ಇಬ್ಬರೂ ಕೂಡಿ ಬಡಿದರು, ಇಬ್ಬರೂ ಬುಟ್ಟಿ ಹೊತ್ತು ಬಸ್ಸು ಹತ್ತಿ ಹುನಗುಂದಕ್ಕೆ ಬಂದರು. ಮಾಯವ್ವ ಅವತ್ತು ಮೊದಲ ಸಲ ಮೈದಾನ ಕಂಡದ್ದು.

ಬಹುಮಾನ ಹಂಚುವ ಮೊದಲು ಸತ್ಯವ್ವ ಸೆರಗು ಬಿಗಿದುಕೊಂಡು ಮೈಕಿನ ಹತ್ತಿರ ಹೋದಳು. ಹೋಗುತ್ತೇನೆಂದು ಯಾರಿಗೂ ಹೇಳಿರಲಿಲ್ಲ.

“ಹೋದ ವರ್ಷ ಬಾದಾಮಿ ಜಲಾಲುದ್ದೀನ ತಿರುವು ಹಾಕಿದ್ದ. ನಾ ಕಣ್ಣಿಲೆ ನೋಡೇನಿ. ನನಗ ಕೈ ಸಾಲಲಿಲ್ಲ, ನಾನ ಹೋಗ ಅಂದೆ. ಇಲ್ಲಿ ಬಂದು ಸುಳ್ಳ ಹೇಳಿದೆ. ತಪ್ಪು ನಂದು.”

“ಇಬ್ಬರಿದ್ರೆಲ್ಲಬೇ?” ಎಂದು ಹಿಂದಿನಿಂದ ಒಂದು ದನಿ ಬಂತು.

ಸತ್ಯವ್ವ ರೊಟ್ಟಿ ಬುಟ್ಟಿಗಳ ಕಡೆ ನೋಡಿದಳು. ಮಾಯವ್ವ ಅಲ್ಲಿ ನಿಂತು ಇವಳನ್ನೇ ನೋಡುತ್ತಿದ್ದಳು. ಹೇಳಬೇಕೆಂದು ಬಾಯಿ ತೆರೆದಳು. ಅಷ್ಟರಲ್ಲಿ ಅಧ್ಯಕ್ಷರು ಚಪ್ಪಾಳೆ ತಟ್ಟಿಬಿಟ್ಟರು. “ನೋಡ್ರಿ, ಇದಕ್ಕ ಅಂತಾರ ಪ್ರಾಮಾಣಿಕ ಸೇವಾ!” ಮೈದಾನ ತುಂಬ ಚಪ್ಪಾಳೆ. ಅತಿಥಿಗಳಿಗೆ ತಂದಿದ್ದ ಒಂದು ಹಾರ ಅವಳ ಕೈಗೆ ಬಂತು. ತೆರೆದ ಬಾಯಿ ಮುಚ್ಚಿತು.

ಜಲಾಲುದ್ದೀನ ಆ ಸಲವೂ ತುಳಿದಿದ್ದ, ಆರನೆಯವನಾಗಿದ್ದ. ಕೆಳಗಿಳಿದು ಬಂದ ಸತ್ಯವ್ವನಿಗೆ ಅವನು, “ಒಂದು ವರ್ಷ ಆತಲ್ರಿ ಅಕ್ಕಾರ,” ಎಂದ. ಸೈಕಲ್ಲು ದೂಡಿಕೊಂಡು ನಡೆದ.

ಬಸ್ಸಿನಲ್ಲಿ ಅಮೀನಗಡ ಬರುವ ತನಕ ಮಾಯವ್ವ ಕಿಟಕಿಯ ಹೊರಗೇ ನೋಡುತ್ತಿದ್ದಳು. ಆಮೇಲೆ ಹೇಳಿದಳು: “ಆ ಹುಡುಗಗ ಮಾಡಿದ್ದನ್ನ ಎಲ್ಲಾರ ಮುಂದ ಹೇಳಿದಿ. ಛಲೋ ಆತು. ನನಗ ಮಾಡಿದ್ದನ್ನ ಎಲ್ಲಿ ಹೇಳಾಕಿ?”

ಸತ್ಯವ್ವನ ಮಡಿಲಲ್ಲಿ ಹಾರ ಬಾಡುತ್ತಿತ್ತು.

ಮನೆ ಮುಂದೆ ಕನಕಪ್ಪ ಕಾಯುತ್ತಿದ್ದ. ಹಾರದ ಸುದ್ದಿ ಅವರಿಗಿಂತ ಮೊದಲೇ ಊರು ಮುಟ್ಟಿತ್ತು. “ಬಂದ್ರ ನೋಡಪಾ ದೊಡ್ಡವರು!” ಎಂದು ನಕ್ಕ. ಮಾಯವ್ವ ಖಾಲಿ ಬುಟ್ಟಿ ಇಳಿಸಿ, ಒಳಗೆ ಹೋಗದೆ ಗೋಡೆಗೆ ಒರಗಿ ನಿಂತಳು. ಸತ್ಯವ್ವನಿಗೆ ಅರ್ಥವಾಯಿತು. ನಿಂತಲ್ಲೇ ಗಂಡನಿಗೆ ಎಲ್ಲ ಹೇಳಿದಳು. ಎರಡು ಬಿಲ್ಲೆ ಬಂದದ್ದು, ಹಂಚಿನ ಮಸಿ, ಹೆಬ್ಬೆಟ್ಟು, ಟ್ರಂಕು.

ಕನಕಪ್ಪ ಕೇಳಿಸಿಕೊಂಡ. ಆಮೇಲೆ ಅವಳ ಭುಜದ ಮೇಲೆ ಕೈಯಿಟ್ಟ. ಅವನು ಒಳ್ಳೆಯ ಮನುಷ್ಯ, ಸಮಾಧಾನ ಹೇಳುವುದೇ ಅವನ ಮನಸ್ಸಿನಲ್ಲಿತ್ತು.

“ಇಷ್ಟಕ್ಕ ಮಾರಿ ಸಣ್ಣ ಮಾಡಕೊಂಡೀ? ಹುಚ್ಚಿ. ಆಕೀನೂ ಬಂದಿದ್ರ ರೊಟ್ಟಿ ಯಾರು ಬಡೀತಿದ್ರು?”

ಸತ್ಯವ್ವನಿಗೆ ಅವನ ಮೇಲೆ ಸಿಟ್ಟು ಮಾಡಬೇಕೆನಿಸಿತು. ಸಿಟ್ಟು ಬರಲಿಲ್ಲ. ಒಂದು ವರ್ಷದ ಹಿಂದೆ ಒಲೆಯ ಮುಂದೆ ಹಾಳೆ ಹಿಡಿದು ಕೂತಾಗ ತಾನು ಆಡಿಕೊಂಡಿದ್ದ ಮಾತು, ಈಗ ಗಂಡನ ಬಾಯಲ್ಲಿತ್ತು. ಅವಳು ಮಾಯವ್ವನ ಮುಖ ನೋಡಲು ಕತ್ತೆತ್ತಿದಳು. ಗೋಡೆಯ ಹತ್ತಿರ ಯಾರೂ ಇರಲಿಲ್ಲ. ಕನಕಪ್ಪನ ಕೈ ಇನ್ನೂ ಭುಜದ ಮೇಲೆಯೇ ಇತ್ತು, ತೆಗೆಯೆಂದು ಹೇಳುವ ಮುಖವೂ ತನಗಿಲ್ಲ ಎಂದುಕೊಂಡು ಸತ್ಯವ್ವ ಹಾಗೇ ನಿಂತಳು.